ನೇತ್ರಾಣಿಯ ಮೊದಲ ಹತ್ತು ಮೀಟರ್

ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಡೈವಿಂಗ್ ಮಾಡಿ ಬಂದವರನ್ನು ಎಷ್ಟು ಆಳಕ್ಕೆ ಇಳಿದಿರಿ ಎಂದು ಕೇಳಿದರೆ, ಹೆಚ್ಚಿನವರು ತುಸು ಸಂಕೋಚದಿಂದಲೇ ‘ಹತ್ತು ಮೀಟರ್ ಇರಬಹುದು, ಅಷ್ಟೆ’ ಎನ್ನುತ್ತಾರೆ. ಆ ‘ಅಷ್ಟೆ’ಯ ಅಗತ್ಯವಿಲ್ಲ. ಕಡಲಿಗೆ ಇಳಿದವರ ದೇಹಕ್ಕೆ ಆಗುವ ಅತಿ ದೊಡ್ಡ ಬದಲಾವಣೆ ಮೊದಲ ಹತ್ತು ಮೀಟರಿನಲ್ಲೇ ಆಗಿ ಮುಗಿದಿರುತ್ತದೆ. ಕಣ್ಣಿಗೆ ಕೆಂಪು ಬಣ್ಣ ಕಾಣದಾಗುವುದೂ ಅಲ್ಲಿಯೇ. ನೇತ್ರಾಣಿಯ ಹವಳ, ಆ ಹವಳವನ್ನು ನೆಚ್ಚಿಕೊಂಡ ಮೀನುಗಳು ಇರುವುದೂ ಬಹುಪಾಲು ಅದೇ ಆಳದ ಆಸುಪಾಸಿನಲ್ಲಿ. ಆಳಕ್ಕೆ ಹೋದಷ್ಟೂ ಹೆಚ್ಚು ನೋಡಬಹುದು, ಮೇಲೆಯೇ ಇದ್ದರೆ ಅಪಾಯವಿಲ್ಲ ಎಂಬ ಎರಡೂ ನಂಬಿಕೆಗಳು ಹಾಗಾಗಿ ನಿಲ್ಲುವುದಿಲ್ಲ.

ನೇತ್ರಾಣಿ ಉತ್ತರ ಕನ್ನಡದ ಭಟ್ಕಳ ತಾಲ್ಲೂಕಿಗೆ ಸೇರಿದ, ದಡದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ಕಡಲಿನಿಂದ ಎದ್ದು ನಿಂತ ಬಂಡೆಗಲ್ಲಿನ ಗುಡ್ಡ. ಇಂಗ್ಲಿಷರ ನಕ್ಷೆಗಳಲ್ಲಿ ಇದರ ಹೆಸರು ಪಿಜನ್ ಐಲ್ಯಾಂಡ್. ಮನುಷ್ಯರ ವಾಸವಿಲ್ಲ, ಯಾರೋ ಯಾವಾಗಲೋ ಬಿಟ್ಟುಹೋದ ಆಡುಗಳ ಸಂತತಿ ಇದೆ, ಬಿಳಿಹೊಟ್ಟೆಯ ಕಡಲಹದ್ದುಗಳ ಗೂಡುಗಳಿವೆ. ನೌಕಾಪಡೆ ಈ ಗುಡ್ಡವನ್ನು ಗುರಿ ಅಭ್ಯಾಸಕ್ಕೆ ಬಳಸಿದ್ದೂ ಉಂಟು, ಅದಕ್ಕೆ ಪರಿಸರಾಸಕ್ತರು ವಿರೋಧ ಮಾಡಿದ್ದೂ ಉಂಟು. ಬೋಟು ಅಲ್ಲಿಗೆ ಮುಟ್ಟಲು ಒಂದು ಗಂಟೆಯಿಂದ ಒಂದೂವರೆ ಗಂಟೆ ಬೇಕು. ಪ್ರವಾಸಿಗರು ಇಳಿಯುವುದು ದ್ವೀಪದ ಮೇಲಲ್ಲ. ಬಂಡೆಯ ಮಗ್ಗುಲಲ್ಲಿ ಬೋಟು ನಿಲ್ಲಿಸಿ ನೇರ ನೀರಿಗೆ.

ಮೊದಲು ನೀರಿನ ಭಾರದ ಲೆಕ್ಕ. ನಾವು ದಡದಲ್ಲಿ ನಿಂತಿರುವಾಗ ನಮ್ಮ ಮೈಯ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋ ಗಾಳಿಯ ಒತ್ತಡ ಇರುತ್ತದೆ. ಇಡೀ ವಾಯುಮಂಡಲ ಸೇರಿ ಹೇರುವ ಈ ಒತ್ತಡವನ್ನು ಸಮುದ್ರದ ನೀರು ಬರೀ ಹತ್ತು ಮೀಟರಿನಲ್ಲಿ ಹೇರಿಬಿಡುತ್ತದೆ. ಅಂದರೆ ಹತ್ತು ಮೀಟರ್ ಇಳಿದಾಗ ಒತ್ತಡ ಎರಡು ಪಟ್ಟು, ಇಪ್ಪತ್ತಕ್ಕೆ ಮೂರು ಪಟ್ಟು, ಮೂವತ್ತಕ್ಕೆ ನಾಲ್ಕು ಪಟ್ಟು. ಒತ್ತಡ ಎರಡರಷ್ಟಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆ ಎಂದು ರಾಬರ್ಟ್ ಬಾಯಲ್ 1662ರಲ್ಲೇ ತೋರಿಸಿದ್ದ. ಆರು ಲೀಟರ್ ಗಾಳಿ ತುಂಬಿದ ಬಲೂನನ್ನು ಕೆಳಗೆ ಒಯ್ದರೆ ಹತ್ತು ಮೀಟರಿನಲ್ಲಿ ಅದು ಮೂರು ಲೀಟರ್, ಇಪ್ಪತ್ತರಲ್ಲಿ ಎರಡು, ಮೂವತ್ತರಲ್ಲಿ ಒಂದೂವರೆ, ನಲವತ್ತರಲ್ಲಿ 1.2 ಲೀಟರ್. ಮೊದಲ ಹತ್ತು ಮೀಟರಿನಲ್ಲಿ ಕಳೆದದ್ದು ಮೂರು ಲೀಟರ್; ಕೊನೆಯ ಹತ್ತರಲ್ಲಿ ಬರೀ 300 ಮಿಲಿಲೀಟರ್. ಸ್ಕೂಬಾದ ನಿಯಮಗಳಲ್ಲಿ ಹೆಚ್ಚಿನವು ಈ ಒಂದು ಲೆಕ್ಕದಿಂದ ಹುಟ್ಟಿದವು.

ಮೈಯಲ್ಲಿ ಹೆಚ್ಚಿನ ಭಾಗ ನೀರೇ ಆದ್ದರಿಂದ, ನೀರು ಒತ್ತಿದರೆ ಕುಗ್ಗುವುದೂ ಇಲ್ಲವಾದ್ದರಿಂದ, ಕೈಕಾಲಿಗೆ ಈ ಭಾರದ ಅರಿವೇ ಆಗುವುದಿಲ್ಲ. ತೊಂದರೆಯೆಲ್ಲ ಗಾಳಿ ಇರುವ ಜಾಗಗಳಲ್ಲಿ. ಅದರಲ್ಲೂ ಮೊದಲು ದೂರುವುದು ಕಿವಿ. ಕಿವಿತಮಟೆಯ ಒಳಗೆ ಸಣ್ಣ ಗಾಳಿಕೋಣೆ ಇದೆ. ಅದರಿಂದ ಗಂಟಲಿನ ಹಿಂಭಾಗಕ್ಕೆ ತೆಳುವಾದ ನಾಳವಿದೆ. ಇಳಿಯುತ್ತಿದ್ದಂತೆ ಹೊರಗಿನ ನೀರು ತಮಟೆಯನ್ನು ಒಳಕ್ಕೆ ತಳ್ಳುತ್ತದೆ. ಎರಡು ಮೂರು ಮೀಟರಿಗೇ ನೋವು ಶುರು. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿದರೆ ಗಂಟಲಿನಿಂದ ಗಾಳಿ ಒಳಗೆ ಹೋಗಿ ಎರಡೂ ಬದಿ ಸಮವಾಗುತ್ತದೆ. ಡೈವರ್‌ಗಳು ಇದನ್ನು ‘ಈಕ್ವಲೈಸ್ ಮಾಡುವುದು’ ಎನ್ನುತ್ತಾರೆ. ವೈದ್ಯರ ಭಾಷೆಯಲ್ಲಿ ಇದಕ್ಕೆ ಹದಿನೆಂಟನೇ ಶತಮಾನದ ಇಟಲಿಯ ವೈದ್ಯ ವಲ್ಸಾಲ್ವಾನ ಹೆಸರಿದೆ. ನೋವು ಬಂದ ಮೇಲೆ ಊದುವುದಲ್ಲ, ಬರುವ ಮೊದಲೇ ಊದಬೇಕು. ಒಂದೊಂದು ಮೀಟರಿಗೂ ಒಮ್ಮೆ ಮಾಡಿದರೂ ಹೆಚ್ಚೇನಲ್ಲ. ನೋವು ಬಂದೇಬಿಟ್ಟರೆ ಜೋರಾಗಿ ಊದುವ ಬದಲು ಒಂದು ಮೀಟರ್ ಮೇಲೇರಿ ಮತ್ತೆ ಪ್ರಯತ್ನಿಸಬೇಕು. ನೆಗಡಿಯಾಗಿದ್ದರೆ ಆ ನಾಳ ಮುಚ್ಚಿಕೊಂಡಿರುತ್ತದೆ. ಮುಂಗಡ ಹಣ ಕೊಟ್ಟಾಗಿದೆ ಎಂಬ ಕಾರಣಕ್ಕೆ ನೆಗಡಿ ಇಟ್ಟುಕೊಂಡು ಇಳಿಯುವುದು ಕಿವಿಗೆ ಮಾಡುವ ಅನ್ಯಾಯ.

ಮಾಸ್ಕ್ ಮೂಗನ್ನೂ ಮುಚ್ಚುವಂತೆ ಇರುವುದಕ್ಕೂ ಇದೇ ಕಾರಣ. ಒಳಗಿನ ಗಾಳಿ ಕುಗ್ಗಿ ಮಾಸ್ಕ್ ಮುಖಕ್ಕೆ ಒತ್ತಿಕೊಂಡಾಗ ಮೂಗಿನಿಂದ ತುಸು ಗಾಳಿ ಬಿಟ್ಟರೆ ಸರಿಹೋಗುತ್ತದೆ. ಈಜುಕೊಳದ ಕನ್ನಡಕಕ್ಕೆ ಹಾಗೆ ಗಾಳಿ ತುಂಬಲು ದಾರಿಯಿಲ್ಲ. ಅದನ್ನು ಹಾಕಿಕೊಂಡು ಇಳಿದರೆ ಕಣ್ಣಿನ ಸುತ್ತಲಿನ ನವಿರಾದ ರಕ್ತನಾಳಗಳು ಒಡೆಯಬಹುದು.

ಉದ್ದನೆಯ ಪೈಪೊಂದನ್ನು ನೀರಿನ ಮೇಲಿಟ್ಟು ಅದರಿಂದಲೇ ಉಸಿರಾಡಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗದು. ಪೈಪಿನ ಗಾಳಿ ಮೇಲಿನ ಒತ್ತಡದ್ದು, ಎದೆಯ ಮೇಲಿರುವುದು ನೀರಿನ ಒತ್ತಡ. ಒಂದು ಮೀಟರ್ ಆಳ ದಾಟುವಷ್ಟರಲ್ಲಿ ಎದೆಗೂಡನ್ನು ಹಿಗ್ಗಿಸಿ ಗಾಳಿ ಎಳೆದುಕೊಳ್ಳುವ ಶಕ್ತಿ ನಮ್ಮ ಸ್ನಾಯುಗಳಿಗೆ ಉಳಿಯುವುದಿಲ್ಲ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗಾನ್ಯಾ ಸೇರಿ ರೂಪಿಸಿದ, ಟ್ಯಾಂಕಿನಿಂದ ಬಾಯಿಗೆ ಗಾಳಿ ಕೊಡುವ ಕವಾಟವಾದ ರೆಗ್ಯುಲೇಟರ್ ಬಿಡಿಸಿದ್ದು ಈ ಗಂಟನ್ನೇ. ಉಸಿರೆಳೆದಾಗ ಮಾತ್ರ, ಆ ಆಳದಲ್ಲಿ ನೀರಿನ ಒತ್ತಡ ಎಷ್ಟಿದೆಯೋ ಸರಿಯಾಗಿ ಅಷ್ಟೇ ಒತ್ತಡದಲ್ಲಿ ಅದು ಗಾಳಿ ಕೊಡುತ್ತದೆ. ಹಾಗಾಗಿ ಹತ್ತು ಮೀಟರಿನಲ್ಲೂ ಉಸಿರಾಟ ದಡದಲ್ಲಿದ್ದಷ್ಟೇ ಸಲೀಸು. ಆದರೆ ಪ್ರತಿ ಉಸಿರಿನಲ್ಲೂ ಎರಡರಷ್ಟು ಗಾಳಿ ಖರ್ಚಾಗುತ್ತಿರುತ್ತದೆ. ಸಾಮಾನ್ಯವಾಗಿ ಬಳಸುವ ಅಲ್ಯೂಮಿನಿಯಂ ಟ್ಯಾಂಕಿನ ಒಳಗಾತ್ರ ಸುಮಾರು 11 ಲೀಟರ್. 200 ಬಾರ್, ಅಂದರೆ ದಡದ ಗಾಳಿಯ ಸುಮಾರು 200 ಪಟ್ಟು ಒತ್ತಡಕ್ಕೆ ತುಂಬಿದರೆ ಅದರಲ್ಲಿ 2,200 ಲೀಟರಿನಷ್ಟು ಗಾಳಿ ಅಡಕವಾಗಿರುತ್ತದೆ. ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ ದಡದಲ್ಲಿ ಅದು ಸುಮಾರು 110 ನಿಮಿಷಕ್ಕೆ ಸಾಕು, ಹತ್ತು ಮೀಟರಿನಲ್ಲಿ 55 ನಿಮಿಷಕ್ಕೆ. ಗಾಬರಿಯಲ್ಲಿ ಏದುಸಿರು ಬಿಡುವ ಹೊಸಬರಿಗೆ ಅದೂ ಇಲ್ಲ. ಮೀಸಲು ಗಾಳಿ ಉಳಿಸಿಕೊಂಡೇ ಮೇಲೆ ಬರಬೇಕಾದ್ದರಿಂದ ಇನ್ನೂ ಕಡಿಮೆ.

ಪತ್ರಿಕೆಗಳಲ್ಲಿ ಆಗಾಗ ‘ಆಮ್ಲಜನಕದ ಸಿಲಿಂಡರ್ ಕಟ್ಟಿಕೊಂಡು’ ಎಂದು ಬರೆಯುತ್ತಾರೆ. ಟ್ಯಾಂಕಿನಲ್ಲಿರುವುದು ನಾವು ಉಸಿರಾಡುವ ಮಾಮೂಲಿ ಗಾಳಿ, ಸೋಸಿ ಒಣಗಿಸಿ ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕ ತುಂಬಿದ್ದರೆ ಆರು ಮೀಟರ್ ದಾಟುವಷ್ಟರಲ್ಲಿ ಅದೇ ವಿಷವಾಗಿ ಫಿಟ್ಸ್ ಬರುವ ಅಪಾಯವಿದೆ.

ಇನ್ನು ಸ್ಕೂಬಾದ ಅತಿ ಮುಖ್ಯ ನಿಯಮ: ಉಸಿರು ಕಟ್ಟಬಾರದು. ಈಜು ಕಲಿತವರಿಗೆ ಇದು ತಲೆಕೆಳಗಾದ ಪಾಠ, ಏಕೆಂದರೆ ನೀರಿನಡಿ ಉಸಿರು ಬಿಗಿಹಿಡಿಯುವುದೇ ಅವರ ಅಭ್ಯಾಸ. ಮೇಲೆ ಉಸಿರೆಳೆದುಕೊಂಡು ಮುಳುಗಿದವರ ಎದೆಯ ಗಾಳಿ ಕೆಳಗೆ ಕುಗ್ಗಿ, ಮೇಲೆ ಬಂದಾಗ ಮೊದಲಿನಷ್ಟೇ ಆಗುತ್ತದೆ, ತೊಂದರೆಯಿಲ್ಲ. ಸ್ಕೂಬಾದಲ್ಲಿ ಹಾಗಲ್ಲ. ಹತ್ತು ಮೀಟರಿನಲ್ಲಿ ಟ್ಯಾಂಕಿನಿಂದ ಎದೆತುಂಬ ಗಾಳಿ ಎಳೆದು, ಹೆದರಿ, ಉಸಿರು ಬಿಗಿಹಿಡಿದು ಮೇಲಕ್ಕೆ ಚಿಮ್ಮಿದರೆ ಆ ಗಾಳಿ ಎರಡರಷ್ಟಾಗಲು ಹೊರಡುತ್ತದೆ. ಶ್ವಾಸಕೋಶಕ್ಕೆ ಅಷ್ಟು ಹಿಗ್ಗುವ ತಾಳಿಕೆ ಇಲ್ಲ. ಅದು ಹರಿದು, ಗಾಳಿಯ ಗುಳ್ಳೆಗಳು ರಕ್ತಕ್ಕೆ ನುಗ್ಗಿ ಮಿದುಳಿಗೆ ಹೋಗಬಹುದು. ಇದಕ್ಕೆ ಹತ್ತು ಮೀಟರೂ ಬೇಕಿಲ್ಲ. ಪೂರ್ತಿ ತುಂಬಿದ ಎದೆಯಲ್ಲಿ ಒಂದು ಒಂದೂಕಾಲು ಮೀಟರ್ ಮೇಲೇರಿದರೂ ಹಾನಿಯಾದ ಉದಾಹರಣೆಗಳಿವೆ. ನಲವತ್ತರಿಂದ ಮೂವತ್ತು ಮೀಟರಿಗೆ ಬರುವಾಗ ಗಾಳಿ ಹಿಗ್ಗುವುದು ಕಾಲುಭಾಗ ಮಾತ್ರ, ಹತ್ತರಿಂದ ಮೇಲಕ್ಕೆ ಬರುವಾಗ ಒಂದಕ್ಕೆರಡು. ಹೊಸಬರನ್ನು ಒಯ್ಯುವ ಪ್ರಾಯೋಗಿಕ ಡೈವ್‌ಗೆ ಸಾಮಾನ್ಯವಾಗಿ 12 ಮೀಟರಿನ ಮಿತಿ ಇದೆ. ಶ್ವಾಸಕೋಶದ ಮಟ್ಟಿಗೆ ಹೇಳುವುದಾದರೆ ಅದು ಸುರಕ್ಷಿತ ವಲಯವಲ್ಲ, ಅತಿ ಎಚ್ಚರ ಬೇಕಾದ ವಲಯ. ‘ಈಜು ಬರಬೇಕಿಲ್ಲ’ ಎಂಬ ಜಾಹೀರಾತಿಗಿಂತ, ನೀರಿಗಿಳಿಯುವ ಮೊದಲು ‘ಉಸಿರು ಕಟ್ಟಬೇಡಿ’ ಎಂದು ಎಷ್ಟು ಸಲ ಹೇಳುತ್ತಾರೆ ಎನ್ನುವುದರಿಂದ ನಾನು ತರಬೇತುದಾರರನ್ನು ಅಳೆಯುತ್ತೇನೆ.

ಸಾರಜನಕದ ವಿಷಯದಲ್ಲಿ ಮಾತ್ರ ಈ ಮೇಲಿನ ಪದರ ಉದಾರಿ. ಒತ್ತಡ ಹೆಚ್ಚಿದಷ್ಟೂ ಉಸಿರಿನ ಸಾರಜನಕ ರಕ್ತ, ಕೊಬ್ಬುಗಳಲ್ಲಿ ಹೆಚ್ಚು ಕರಗುತ್ತದೆ. ಸರಸರನೆ ಮೇಲೆ ಬಂದರೆ ಅದು ಹೊರಹೋಗಲು ಸಮಯವಿಲ್ಲದೆ ಮೈಯೊಳಗೇ ಗುಳ್ಳೆಯಾಗುತ್ತದೆ. ಕೀಲುನೋವು, ಜೋಮು, ಕೆಲವೊಮ್ಮೆ ಪಾರ್ಶ್ವವಾಯು. ಬ್ರಿಟಿಷ್ ನೌಕಾಪಡೆಗಾಗಿ ಶರೀರವಿಜ್ಞಾನಿ ಜೆ. ಎಸ್. ಹಾಲ್ಡೇನ್ ಈ ಕಾಯಿಲೆಯ ಬೆನ್ನುಹತ್ತಿ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇದ್ದವರು ಹೇಗೆ ಮೇಲೆ ಬರಬೇಕೆಂದು ಹೇಳುವ ಮೊದಲ ಕೋಷ್ಟಕಗಳನ್ನು 1908ರಲ್ಲಿ ಪ್ರಕಟಿಸಿದ. ಪ್ರಯೋಗಕ್ಕೆ ಆರಿಸಿಕೊಂಡದ್ದು ಆಡುಗಳನ್ನು. ಒತ್ತಡದ ಕೋಣೆಯಿಂದ ಹೊರಬಂದ ಆಡು ಮುಂಗಾಲು ಎತ್ತಿ ಕುಂಟಿದರೆ ಗುಳ್ಳೆ ಕಟ್ಟಿದೆ ಎಂದು ಲೆಕ್ಕ. ನೇತ್ರಾಣಿಯ ಬಂಡೆಗಳ ಮೇಲಿಂದ ಡೈವರ್‌ಗಳನ್ನು ನೋಡುತ್ತ ನಿಲ್ಲುವ ಆಡುಗಳಿಗೆ ತಮ್ಮ ಕುಲದ ಈ ಉಪಕಾರ ಗೊತ್ತಿರಲಾರದು. ಹಾಲ್ಡೇನ್ ಕಂಡುಕೊಂಡ ಮುಖ್ಯ ಸಂಗತಿ, ಒತ್ತಡ ಥಟ್ಟನೆ ಅರ್ಧಕ್ಕಿಳಿದರೂ ದೇಹ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ ಎನ್ನುವುದು. ಎರಡರಿಂದ ಒಂದಕ್ಕೆ, ಅಂದರೆ ಹತ್ತು ಮೀಟರಿನಿಂದ ಮೇಲಕ್ಕೆ. ಆಮೇಲಿನ ಸಂಶೋಧನೆ ಈ ಲೆಕ್ಕವನ್ನು ಸಾಕಷ್ಟು ತಿದ್ದಿದೆ, ಆದರೂ ಇಂದಿನ ಕೋಷ್ಟಕಗಳ ಬೇರು ಅಲ್ಲಿದೆ. ಅವುಗಳ ಪ್ರಕಾರ, ಮೇಲೆ ಬರುವ ದಾರಿಯಲ್ಲಿ ಕಡ್ಡಾಯವಾಗಿ ತಂಗಬೇಕಾಗದಂತೆ ಹನ್ನೆರಡು ಮೀಟರಿನಲ್ಲಿ ಎರಡು ಗಂಟೆಗೂ ಹೆಚ್ಚು ಇರಬಹುದು. ಅದಕ್ಕೂ ಮೊದಲೇ ಟ್ಯಾಂಕ್ ಖಾಲಿಯಾಗಿರುತ್ತದೆ. ಮೂವತ್ತು ಮೀಟರಿನಲ್ಲಿ ಅದೇ ಮಿತಿ ಇಪ್ಪತ್ತು ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ಎಲ್ಲರೂ ಮೇಲೆ ಬರುವಾಗ ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲುವುದು ಮಾತ್ರ ಒಳ್ಳೆಯ ರೂಢಿ.

ಬಾಯಲ್‌ನ ಲೆಕ್ಕ ಮೀನಿಗೂ ತಪ್ಪಿದ್ದಲ್ಲ. ಮುರು ಮೀನು, ಸ್ನ್ಯಾಪರ್ ಮುಂತಾದವುಗಳ ಹೊಟ್ಟೆಯಲ್ಲಿ ತೇಲಲು ನೆರವಾಗುವ ಗಾಳಿಚೀಲ ಇದೆ. ಅದಕ್ಕೆ ಬಾಯಿಗೆ ತೆರೆಯುವ ನಾಳವಿಲ್ಲ. ಅನಿಲ ರಕ್ತದಿಂದ ಬರಬೇಕು, ರಕ್ತಕ್ಕೇ ಹೋಗಬೇಕು, ನಿಧಾನವಾಗಿ. ಗಾಳ ಹಾಕಿ ಆಳದಿಂದ ಸರ್ರನೆ ಎಳೆದ ಮುರುವಿನ ಗಾಳಿಚೀಲ ಹಿಗ್ಗಿ, ಬಾಯಿಯಿಂದ ಜಠರ ಹೊರಬಂದಿರುವುದನ್ನು ಮೀನುಗಾರರು ದಿನನಿತ್ಯ ಕಾಣುತ್ತಾರೆ. ಶಾರ್ಕಿಗೆ ಗಾಳಿಚೀಲವೇ ಇಲ್ಲ. ಅದು ಎಣ್ಣೆ ತುಂಬಿದ ದೊಡ್ಡ ಯಕೃತ್ತಿನ ಬಲದಿಂದ ತೇಲುತ್ತದೆ, ಮೇಲೆ ಕೆಳಗೆ ಮನಬಂದಂತೆ ಓಡಾಡುತ್ತದೆ.

ಇಷ್ಟೊಂದು ಮೀನು ನೇತ್ರಾಣಿಯಲ್ಲೇ ಏಕೆ? ಎರಡು ಕಾರಣ: ಮಳೆಗಾಲ ಮತ್ತು ಬಂಡೆ. ನೈಋತ್ಯ ಮಾರುತ ಬೀಸುವ ತಿಂಗಳುಗಳಲ್ಲಿ ಪಶ್ಚಿಮ ಕರಾವಳಿಯ ಮೇಲ್ಮೈ ನೀರು ದಡದಿಂದ ಹೊರಕ್ಕೆ ಸರಿಯುತ್ತದೆ. ಅದರ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಕೆಳಗೆ ಕೊಳೆತು ಕೂತಿದ್ದ ಪೋಷಕಾಂಶಗಳೆಲ್ಲ ಆ ನೀರಿನ ಜೊತೆ ಬೆಳಕಿಗೆ ಬರುತ್ತವೆ. ಕಣ್ಣಿಗೆ ಕಾಣದ ಸಸ್ಯಪ್ಲವಕ ಹುಲುಸಾಗಿ ಬೆಳೆಯುತ್ತದೆ, ಅದನ್ನು ತಿನ್ನುವ ಪ್ರಾಣಿಪ್ಲವಕ, ಅದರ ಹಿಂದೆ ಬೂತಾಯಿ, ಬಂಗುಡೆ, ಅವುಗಳ ಹಿಂದೆ ಅಂಜಲ್. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದು, ಅದು ಮುಗಿದ ಮೇಲೆ ಬಂದರುಗಳು ತುಂಬುವುದು ಇದೇ ಚಕ್ರದ ಭಾಗ. ಆದರೆ ನಮ್ಮ ಕರಾವಳಿಯ ಕಡಲತಳ ಬಹುತೇಕ ಮರಳು, ಕೆಸರು. ಹವಳಕ್ಕೆ, ಸ್ಪಂಜಿಗೆ, ಕಪ್ಪೆಚಿಪ್ಪಿಗೆ ಅಂಟಿಕೊಳ್ಳಲು ಗಟ್ಟಿ ನೆಲ ಬೇಕು. ಮರಿಮೀನಿಗೆ ಅಡಗಲು ಸಂದುಗೊಂದು ಬೇಕು. ಕೆಸರಿನ ಬಯಲಿನ ನಡುವೆ ಎದ್ದ ನೇತ್ರಾಣಿಯ ಬಂಡೆ ಎರಡನ್ನೂ ಕೊಡುತ್ತದೆ. ನದಿಗಳ ಅಳಿವೆಗಳಿಂದ ದೂರವಿರುವುದರಿಂದ ದಡದ ಕೆಂಪುನೀರೂ ಅಲ್ಲಿಗೆ ಕಡಿಮೆ ತಲುಪುತ್ತದೆ.

ಲಕ್ಷದ್ವೀಪದಲ್ಲಿ ದ್ವೀಪವೇ ಹವಳ ಕಟ್ಟಿದ್ದು. ಇಲ್ಲಿ ಹಾಗಲ್ಲ, ಬಂಡೆಯ ಮೈಮೇಲೆ ಹವಳ ತೇಪೆತೇಪೆಯಾಗಿ ಬೆಳೆದಿದೆ. ಹವಳದ ಒಳಗಿರುವ ಪಾಚಿಗೆ ಬಿಸಿಲು ಬೇಕು, ಅದರ ಊಟದ ಬಹುಭಾಗ ಆ ಪಾಚಿಯದ್ದೇ. ಪ್ಲವಕ ತುಂಬಿದ ನಮ್ಮ ಕಡಲು ಬೆಳಕನ್ನು ಬೇಗ ನುಂಗಿಬಿಡುವುದರಿಂದ ಹವಳಕ್ಕೆ ಒದಗುವ ಪದರ ತೆಳು. ಮೀನು ನೋಡಲು ಆಳಕ್ಕೆ ಹೋಗಬೇಕಿಲ್ಲ ಎಂದು ಮೊದಲೇ ಹೇಳಿದ್ದು ಇದಕ್ಕೇ. ‘ನೀರು ಹಸಿರಾಗಿತ್ತು, ವಿಸಿಬಿಲಿಟಿ ಇರಲಿಲ್ಲ’ ಎಂದು ದೂರುವವರು ಗಮನಿಸಬೇಕಾದ ಮಾತೊಂದಿದೆ: ಉಷ್ಣವಲಯದಲ್ಲಿ ಗಾಜಿನಂಥ ನೀಲಿ ನೀರೆಂದರೆ ಪೋಷಕಾಂಶ ಕಡಿಮೆಯಿರುವ ನೀರು. ಹಸಿರು ನೀರೇ ಮೀನಿನ ಅನ್ನ. ಪ್ಲವಕವನ್ನೇ ಸೋಸಿ ತಿನ್ನುವ ತಿಮಿಂಗಿಲ ಶಾರ್ಕ್ ಎಂದಾದರೊಮ್ಮೆ ಇತ್ತ ಕಾಣಿಸಿಕೊಳ್ಳುವುದೂ ಅದರ ಆಸೆಗೇ. 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಅದಕ್ಕೆ ರಕ್ಷಣೆ ಇದೆ.

ಬೆಳಕಿನ ಮಾತು ಬಂತು. ನೀರು ಮೊದಲು ಹೀರಿಕೊಳ್ಳುವುದು ಕೆಂಪನ್ನು. ಐದಾರು ಮೀಟರಿಗೇ ಅದು ಮಂಕಾಗಿ, ಹತ್ತು ಮೀಟರಿನ ಹೊತ್ತಿಗೆ ಕೆಂಪು ಉಗುರುಬಣ್ಣ ಕಂದುಗಪ್ಪಾಗಿ ಕಾಣುತ್ತದೆ. ಬಂಡೆಯ ಸಂದುಗಳಲ್ಲಿ ಹಗಲು ಕಳೆಯುವ ದೊಡ್ಡ ಕಣ್ಣಿನ ಸೋಲ್ಜರ್ ಮೀನು ಟಾರ್ಚ್ ಬಿಟ್ಟರೆ ಕಡುಗೆಂಪು, ಆರಿಸಿದರೆ ಬೂದು ನೆರಳು. ಕೆಂಪಾಗಿರುವುದೇ ಅದಕ್ಕೆ ಅಡಗುವ ಉಪಾಯ. ಮಾಸ್ಕಿನ ಗಾಜಿನ ಹಿಂದಿನ ಗಾಳಿಯಿಂದಾಗಿ ಎಲ್ಲವೂ ಮೂರನೇ ಒಂದು ಭಾಗ ದೊಡ್ಡದಾಗಿ, ಹತ್ತಿರವಾಗಿಯೂ ಕಾಣುತ್ತದೆ. ಶಾರ್ಕ್ ಕಂಡವರು ಹೇಳುವ ಅಳತೆಯಲ್ಲಿ ಕಾಲುಭಾಗ ಕಳೆದುಕೊಳ್ಳಬಹುದು.

ನೇತ್ರಾಣಿಯಲ್ಲಿ ಚಿಟ್ಟೆಮೀನು, ಗಿಳಿಮೀನು, ಟ್ರಿಗರ್ ಮೀನು, ಬರಾಕುಡಾ, ಹಾವುಮೀನು, ಕಡಲಾಮೆ, ಅದೃಷ್ಟವಿದ್ದರೆ ರೆಕ್ಕೆಯ ತುದಿ ಕಪ್ಪಗಿರುವ ಸಣ್ಣ ಶಾರ್ಕ್ ಎಲ್ಲ ಇವೆ. ಪಟ್ಟಿ ಮಾಡುತ್ತ ಈಜುವ ಬದಲು ಒಂದು ಬಂಡೆಯ ಮುಂದೆ ಐದು ನಿಮಿಷ ನಿಲ್ಲುವುದು ಮೇಲು. ಬೆರಳುದ್ದದ, ಮೈಗೆ ಉದ್ದಕ್ಕೆ ಕಪ್ಪು ಪಟ್ಟೆ, ಬಾಲದತ್ತ ನೀಲಿ ಇರುವ ರಾಸ್ ಜಾತಿಯ ಮೀನೊಂದು ಒಂದೇ ಜಾಗದಲ್ಲಿ ಏರಿಳಿಯುತ್ತ ಕುಣಿಯುತ್ತಿದ್ದರೆ ಅದು ಶುಚಿಗೊಳಿಸುವ ಮೀನು. ಮೊಳಕೈಯುದ್ದದ ಮುರು ಬಂದು ಅದರ ಮುಂದೆ ಅಲುಗಾಡದೆ ನಿಲ್ಲುತ್ತದೆ, ಬಾಯಿ ಅಗಲಿಸುತ್ತದೆ, ಕಿವಿರಿನ ಮುಚ್ಚಳಗಳನ್ನು ಎತ್ತಿಹಿಡಿಯುತ್ತದೆ. ಸಣ್ಣದು ದವಡೆಯ ಒಳಗೆ ಹೊಕ್ಕು, ಹಲ್ಲುಗಳ ನಡುವಿನಿಂದ ಪರೋಪಜೀವಿಗಳನ್ನು ಹೆಕ್ಕಿ, ಕಿವಿರಿನಿಂದ ಹೊರಬರುತ್ತದೆ. ಅದನ್ನು ಒಂದೇ ತುತ್ತಿಗೆ ನುಂಗಬಲ್ಲ ಮುರು ಒಮ್ಮೆ ಮೈ ಕೊಡವಿ ಬಾಯಿ ಮುಚ್ಚುವ ಸೂಚನೆ ಕೊಟ್ಟು, ಅದು ಹೊರಹೋಗುವವರೆಗೆ ಕಾಯುತ್ತದೆ. ಹಿಂದೆ ಮತ್ತೆರಡು ಮೀನು ಭಾನುವಾರ ಬೆಳಿಗ್ಗೆ ಕ್ಷೌರದಂಗಡಿಯ ಬೆಂಚಿನ ಮೇಲೆ ಕೂತವರಂತೆ ಸರದಿಗೆ ಕಾದಿರುತ್ತವೆ. ಈ ನಂಬಿಕೆಯ ಲಾಭ ಪಡೆಯುವ ಠಕ್ಕನೂ ಹಿಂದೂ ಮಹಾಸಾಗರದಲ್ಲಿದ್ದಾನೆ: ಅದೇ ಪಟ್ಟೆ, ಅದೇ ಕುಣಿತ ತೋರಿಸುವ ಬ್ಲೆನಿ ಜಾತಿಯ ಮೀನು, ಹತ್ತಿರ ಬಂದವರ ರೆಕ್ಕೆ ಕಚ್ಚಿ ಓಡುತ್ತದೆ.

ಇಂಥದ್ದನ್ನು ನೋಡಲು ನೀರಿನಲ್ಲಿ ಸ್ಥಿರವಾಗಿ ನಿಲ್ಲಲು ಬರಬೇಕು. ಅದೂ ಒತ್ತಡದ್ದೇ ಆಟ. ಇಳಿದಂತೆ ಮೈಗಂಟಿದ ರಬ್ಬರ್ ಉಡುಪಿನ, ಅಂದರೆ ವೆಟ್‌ಸೂಟಿನ ಒಳಗಿನ ಗಾಳಿಗುಳ್ಳೆಗಳು ಕುಗ್ಗಿ ದೇಹ ಮುಳುಗತೊಡಗುತ್ತದೆ. ಮೈಮೇಲಿನ ಗಾಳಿ ತುಂಬುವ ಜಾಕೆಟ್ಟಿಗೆ ಟ್ಯಾಂಕಿನಿಂದ ತುಸು ಗಾಳಿ ಸೇರಿಸಿ ಸರಿದೂಗಿಸಬೇಕು. ಏರಿದಂತೆ ಆ ಗಾಳಿ ಹಿಗ್ಗಿ ಇನ್ನಷ್ಟು ಎತ್ತುತ್ತದೆ, ಬಿಡುತ್ತ ಬರಬೇಕು. ಮೇಲಿನ ಹತ್ತು ಮೀಟರಿನಲ್ಲಿ ಈ ಏರುಪೇರು ಅತಿ ಹೆಚ್ಚಾದ್ದರಿಂದ ಹೊಸಬರು ಇಲ್ಲೇ ತತ್ತರಿಸುವುದು, ಆಸರೆಗೆ ಹವಳ ಹಿಡಿಯುವುದು. ದುಂಡು ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ಕಾಲಿಗೆ ತೊಟ್ಟ ಫಿನ್ಸ್‌ನ ಒಂದು ಒದೆತಕ್ಕೆ ಮುರಿದದ್ದು ಮತ್ತೆ ಬರಲು ಎಷ್ಟು ವರ್ಷ ಬೇಕೆಂದು ಲೆಕ್ಕ ಹಾಕಿಕೊಳ್ಳಬಹುದು. ಹಿಡಿದವರಿಗೂ ಒಳ್ಳೆಯದಲ್ಲ, ಕಲ್ಲಿನಂತೆಯೇ ಕಾಣುವ ಸ್ಕಾರ್ಪಿಯನ್ ಮೀನಿನ ಬೆನ್ನಮುಳ್ಳಿನಲ್ಲಿ ವಿಷವಿದೆ. ಇನ್ನೊಂದು ಮಾತು: ಖುಷಿಯಾಯಿತೆಂದು ಹೆಬ್ಬೆರಳು ಎತ್ತಿ ತೋರಿಸಬಾರದು. ಡೈವರ್‌ಗಳ ಸನ್ನೆಯಲ್ಲಿ ಅದಕ್ಕೆ ‘ಮೇಲಕ್ಕೆ ಹೋಗೋಣ’ ಎಂಬ ಅರ್ಥ. ತರಬೇತುದಾರ ಮರುಮಾತಿಲ್ಲದೆ ಮೇಲಕ್ಕೆ ಕರೆದೊಯ್ಯುತ್ತಾನೆ. ಹೆಬ್ಬೆರಳು ತೋರುಬೆರಳು ಸೇರಿಸಿದ ಸೊನ್ನೆಯೇ ‘ಎಲ್ಲ ಸರಿ’.

ಡೈವಿಂಗ್ ನಡೆಯುವುದು ಸುಮಾರಾಗಿ ಅಕ್ಟೋಬರಿನಿಂದ ಮೇ ತಿಂಗಳವರೆಗೆ. ನೀರು ತಿಳಿಯಾಗಿ ಬೇಕೆನ್ನುವವರಿಗೆ ಡಿಸೆಂಬರ್, ಜನವರಿ ವಾಸಿ.

ಡೈವ್ ಮುಗಿಸಿದವರು ಎಷ್ಟು ಬೇಗ ಘಟ್ಟ ಹತ್ತುತ್ತಾರೆ ಎನ್ನುವುದೂ ಮುಖ್ಯ. ಮೈಯಲ್ಲಿ ಉಳಿದ ಸಾರಜನಕ ಹೋಗಲು ಗಂಟೆಗಳು ಬೇಕು, ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು ಅದು ಗುಳ್ಳೆ ಕಟ್ಟಬಹುದು; ಒಂದು ಡೈವ್ ಮಾಡಿದವರು 12 ಗಂಟೆ, ಹಲವು ಮಾಡಿದವರು 18 ಗಂಟೆ ಕಳೆಯುವ ಮುನ್ನ ವಿಮಾನ ಹತ್ತಬಾರದು ಎಂಬುದು ಸಾಮಾನ್ಯ ಸೂಚನೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹತ್ತು ಮೀಟರಿನ ಒಂದು ಪ್ರಾಯೋಗಿಕ ಡೈವ್ ಮಾಡಿ ರಾತ್ರಿಯ ಬಸ್ಸಿಗೆ ಹೊರಡುವವರಿಗೆ ಆತಂಕ ಕಡಿಮೆ. ಒಂದೇ ದಿನ ಆಳದ ಎರಡು ಮೂರು ಡೈವ್ ಮಾಡಿ, ಊಟ ಮುಗಿಸಿದವರೇ ಕಾರು ತೆಗೆದು ಹೊನ್ನಾವರದ ಮೇಲಿಂದ ಘಟ್ಟ ಏರುವುದು ಬೇರೆ ಮಾತು. ಅವರು ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯುವುದು ಲೇಸು. ಮರುದಿನ ಭುಜ, ಮೊಣಕೈಯಲ್ಲಿ ವಿವರಿಸಲಾಗದ ನೋವೋ ಜೋಮೋ ಕಂಡರೆ ಈಜಿದ ಆಯಾಸವೆಂದು ಮಲಗದೆ ಡೈವ್ ಮಾಡಿಸಿದವರಿಗೆ ಫೋನ್ ಮಾಡಬೇಕು, ಆಸ್ಪತ್ರೆಗೆ ಹೋಗಬೇಕು. ಅಲ್ಲಿ ವೈದ್ಯರು ಕೇಳಲಿ ಎಂದು ಕಾಯದೆ, ಹಿಂದಿನ ದಿನ ಟ್ಯಾಂಕ್ ಕಟ್ಟಿಕೊಂಡು ಕಡಲಿಗೆ ಇಳಿದಿದ್ದ ಸಂಗತಿಯನ್ನೇ ಮೊದಲು ಹೇಳಬೇಕು.